ಗೈಡಿನಲ್ಲಿ ಒಂದೇ ಸಾಲು

ಅಮೆರಿಕದ ಇತಿಹಾಸವನ್ನು ಪರೀಕ್ಷೆಗಾಗಿ ಓದಿದವರಿಗೆಲ್ಲ ಆ ಪಟ್ಟಿ ಬಾಯಿಪಾಠ. ವಸಾಹತುಗಳ ಕಾಲ, 1776ರ ಸ್ವಾತಂತ್ರ್ಯ ಘೋಷಣೆ, ಪಶ್ಚಿಮದ ಕಡೆಗೆ ವಿಸ್ತರಣೆ, 1861ರಿಂದ 65ರ ಅಂತರ್ಯುದ್ಧ, ಗುಲಾಮಗಿರಿಯ ರದ್ದು, ಕೈಗಾರಿಕಾ ಯುಗ, 1929ರ ಮಹಾಕುಸಿತ, ರೂಸ್‌ವೆಲ್ಟರ ನ್ಯೂ ಡೀಲ್, ಎರಡನೆಯ ಮಹಾಯುದ್ಧ, ಕಡೆಗೆ ಮಾರ್ಟಿನ್ ಲೂಥರ್ ಕಿಂಗರ ನಾಗರಿಕ ಹಕ್ಕುಗಳ ಚಳವಳಿ. ಒಂದೊಂದಕ್ಕೂ ಐದೈದು ಪಾಯಿಂಟು, ಹತ್ತು ಹತ್ತು ಮಾರ್ಕು. ಹೀಗೆ ಓದುತ್ತ ಹೋದರೆ ಆ ದೇಶದ ಚರಿತ್ರೆಯೆಂದರೆ ಗುಡ್ಡದ ಮೇಲಿನ ಗುಡಿಗೆ ಕಟ್ಟಿದ ಮೆಟ್ಟಿಲುಗಳ ಸಾಲು ಅನಿಸುತ್ತದೆ. ಒಂದು ಮೆಟ್ಟಿಲು ಹತ್ತಿದರಾಯಿತು, ಮುಂದಿನದು ಕಾದೇ ಇರುತ್ತದೆ. ಹತ್ತುವವರ ಕಾಲಿಗೆ ದಣಿವಾಗಬಹುದೇ ಹೊರತು, ಹತ್ತಿದವರನ್ನು ಯಾರೂ ಕೆಳಕ್ಕೆ ನೂಕುವುದಿಲ್ಲ.

ಈ ಪಟ್ಟಿಯ ಮೇಲೆ ನನ್ನದೊಂದು ತಕರಾರಿದೆ. ಅಂತರ್ಯುದ್ಧಕ್ಕೂ ಕೈಗಾರಿಕಾ ಯುಗಕ್ಕೂ ನಡುವೆ, ನಾವು ಓದುವ ಗೈಡುಗಳಲ್ಲಿ, ಒಂದೇ ಒಂದು ಸಾಲು ಇರುತ್ತದೆ: ‘ಪುನರ್ರಚನೆಯ ಕಾಲ, 1865-77’. ಪುಣ್ಯಕ್ಕೆ ಸಾಲಾದರೂ ಇದೆ. ಆದರೆ ಆ ಸಾಲಿನಲ್ಲಿ ಅಡಗಿ ಕೂತಿರುವ ಹನ್ನೆರಡು ವರ್ಷಗಳನ್ನು ಬಿಟ್ಟರೆ ಅಮೆರಿಕದ ಮುಂದಿನ ನೂರು ವರ್ಷ ನಮಗೆ ಅರ್ಥವಾಗುವುದೇ ಇಲ್ಲ ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಹಕ್ಕು ಎಂಬುದರ ಬಗ್ಗೆ ನಾವೆಲ್ಲ ಇಟ್ಟುಕೊಂಡಿರುವ ಒಂದು ಸುಲಭದ ನಂಬಿಕೆಯೂ ಅಲ್ಲಿ ಮುರಿದು ಬೀಳುತ್ತದೆ. ಸಿಕ್ಕಿದ ಹಕ್ಕು ಸಿಕ್ಕಿದ್ದೇ, ಇನ್ನು ಅದು ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆ ಅದು.

ಮೊದಲು ನಡೆದದ್ದೇನು ಎಂದು ನೋಡೋಣ. 1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅದರಲ್ಲಿ ಸುಮಾರು 40 ಲಕ್ಷ ಜನ ಗುಲಾಮರು. ಇವರನ್ನೆಲ್ಲ ಲಿಂಕನ್ 1863ರ ಜನವರಿ 1ರಂದು ಒಂದೇ ಘೋಷಣೆಯಿಂದ ಬಿಡಿಸಿದ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದು ಅರ್ಧ ನಿಜ. ಆ ಘೋಷಣೆ ದಂಗೆಯೆದ್ದ ದಕ್ಷಿಣದ ಪ್ರಾಂತಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳ ಗುಲಾಮರಿಗೆ ಅದು ಸಂಬಂಧಿಸಿರಲಿಲ್ಲ. ದೇಶದುದ್ದಕ್ಕೂ ಗುಲಾಮಗಿರಿ ನಿಂತದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೆಯ ತಿದ್ದುಪಡಿಯಿಂದ. ಅಷ್ಟು ಹೊತ್ತಿಗೆ ಲಿಂಕನ್ ಗುಂಡೇಟಿಗೆ ಬಲಿಯಾಗಿ ಎಂಟು ತಿಂಗಳಾಗುತ್ತ ಬಂದಿತ್ತು.

ಅದರ ಬೆನ್ನಿಗೇ ಇನ್ನೆರಡು ತಿದ್ದುಪಡಿಗಳು ಬಂದವು. 1868ರ 14ನೆಯದು, ಈ ನೆಲದಲ್ಲಿ ಹುಟ್ಟಿದವರೆಲ್ಲ ಈ ದೇಶದ ಪ್ರಜೆಗಳು, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಎಂದಿತು. 1870ರ 15ನೆಯದು, ಬಣ್ಣದ ಕಾರಣಕ್ಕೋ ಹಿಂದೆ ಗುಲಾಮನಾಗಿದ್ದ ಕಾರಣಕ್ಕೋ ಯಾರ ಮತವನ್ನೂ ತಡೆಯಕೂಡದು ಎಂದಿತು. ಹೆಂಗಸರ ಮಾತು ಇಲ್ಲಿ ಬರಲಿಲ್ಲ, ಅವರು 1920ರ ತನಕ ಕಾಯಬೇಕಾಯಿತು. ಆದರೂ ಐದು ವರ್ಷದ ಹಿಂದೆ ಸಂತೆಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದ ಮನುಷ್ಯ ಈಗ ಪ್ರಜೆ, ಮತದಾರ. ಕಾಗದದ ಮೇಲಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಕ್ರಾಂತಿ ಇನ್ನೇನಿದ್ದೀತು?

ಕಾಗದದ ಮೇಲೆ ಮಾತ್ರವಲ್ಲ, ನೆಲದ ಮೇಲೂ ಸ್ವಲ್ಪ ಕಾಲ ಅದು ನಡೆಯಿತು. ಇದಕ್ಕೆ ಒಬ್ಬನ ಕತೆ ಹೇಳಿದರೆ ಸಾಕು.

ರಾಬರ್ಟ್ ಸ್ಮಾಲ್ಸ್ ಎಂಬಾತ 1839ರಲ್ಲಿ ದಕ್ಷಿಣ ಕೆರೊಲಿನಾದ ಬೋಫರ್ಟ್ ಎಂಬ ಊರಿನಲ್ಲಿ ಗುಲಾಮನಾಗಿ ಹುಟ್ಟಿದವ. ಅಂತರ್ಯುದ್ಧದ ಹೊತ್ತಿಗೆ ಚಾರ್ಲ್‌ಸ್ಟನ್ ಬಂದರಿನಲ್ಲಿ ‘ಪ್ಲಾಂಟರ್’ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ. ಹಡಗು ಗುಲಾಮಗಿರಿಯ ಪಕ್ಷದ ಸೈನ್ಯದ್ದು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಸ್ಮಾಲ್ಸ್ ಮತ್ತು ಅವನ ಜತೆಗಾರರು ಹಡಗನ್ನೇ ಹೊರಡಿಸಿದರು. ದಾರಿಯಲ್ಲಿ ಇನ್ನೊಂದು ಕಟ್ಟೆಯಿಂದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸ್ಮಾಲ್ಸ್ ಕ್ಯಾಪ್ಟನ್ನನ ಹುಲ್ಲಿನ ಟೋಪಿ ಹಾಕಿಕೊಂಡು ನಿಂತ, ಕೋಟೆಯ ಮುಂದೆ ಹಾಯುವಾಗ ಸರಿಯಾದ ಸೀಟಿಯ ಗುರುತನ್ನೇ ಕೊಟ್ಟ. ತೋಪುಗಳ ಅಳವು ದಾಟಿದ ಮೇಲೆ ಬಿಳಿಯ ದುಪ್ಪಟಿಯೊಂದನ್ನು ಏರಿಸಿ, ಹಡಗನ್ನು ಒಕ್ಕೂಟದ ನೌಕಾದಳಕ್ಕೆ ಒಪ್ಪಿಸಿದ. ಸಿನಿಮಾದವರು ಕಟ್ಟಿದ ಕತೆಯಲ್ಲ, ನಡೆದದ್ದು.

ಯುದ್ಧ ಮುಗಿದ ಮೇಲಿನ ಕತೆ ನನಗೆ ಇದಕ್ಕಿಂತ ದೊಡ್ಡದು. ತನ್ನನ್ನು ಸಾಕಿದ ಯಜಮಾನನ ಮನೆಯನ್ನೇ ಸ್ಮಾಲ್ಸ್ ಕೊಂಡುಕೊಂಡ. ಹಿತ್ತಲಿನ ಬಿಡಾರದಲ್ಲಿ ಹುಟ್ಟಿದವ ಮುಂಬಾಗಿಲಿನಿಂದ ಒಳಗೆ ಹೋದ. 1868ರಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯುವ ಸಭೆಗೆ ಪ್ರತಿನಿಧಿಯಾಗಿ ಹೋದ. ಆ ಸಭೆಯಲ್ಲಿ ಹೆಚ್ಚಿನವರು ಕರಿಯರೇ. ಅಲ್ಲಿ ಆತ ಪಟ್ಟು ಹಿಡಿದು ಕೇಳಿದ್ದು ಒಂದು ವಿಷಯ: ಎಲ್ಲ ಮಕ್ಕಳಿಗೂ ಸರಕಾರದ ಪುಕ್ಕಟೆ ಶಾಲೆ. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು ಎಂಬುದನ್ನು ನೆನೆದರೆ, ಈ ಬೇಡಿಕೆಯ ತೂಕ ತಿಳಿಯುತ್ತದೆ. 1875ರಲ್ಲಿ ಸ್ಮಾಲ್ಸ್ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೇ ಹೋಗಿ ಕೂತ.

ಒಬ್ಬ ಸ್ಮಾಲ್ಸ್ ಅಲ್ಲ. ಮಿಸಿಸಿಪ್ಪಿಯಿಂದ ಹೈರಂ ರೆವೆಲ್ಸ್ 1870ರಲ್ಲಿ ಸೆನೆಟ್ಟಿಗೆ ಹೋದ. ಅದೇ ರಾಜ್ಯದಿಂದ, ಗುಲಾಮನಾಗಿ ಹುಟ್ಟಿದ್ದ ಬ್ಲಾಂಚ್ ಬ್ರೂಸ್ 1875ರಲ್ಲಿ ಹೋಗಿ ಆರು ವರ್ಷದ ಪೂರ್ತಿ ಅವಧಿ ಮುಗಿಸಿದ. ಆ ವರ್ಷಗಳಲ್ಲಿ ಹದಿನಾರು ಕರಿಯರು ಕಾಂಗ್ರೆಸ್ಸಿನ ಎರಡು ಸದನಗಳಲ್ಲಿ ಕೂತಿದ್ದರು. ಪಂಚಾಯತಿ ಮಟ್ಟದ ಹುದ್ದೆಗಳಿಂದ ಹಿಡಿದು ಶಾಸನಸಭೆಯ ತನಕ ಲೆಕ್ಕ ಹಾಕಿದರೆ ಸಾವಿರದ ಐನೂರಕ್ಕೂ ಹೆಚ್ಚು ಮಂದಿ. ಫಿಸ್ಕ್, ಹೊವರ್ಡ್ ವಿಶ್ವವಿದ್ಯಾಲಯಗಳು 1866, 1867ರಲ್ಲಿ ಹುಟ್ಟಿದವು. ರಾತ್ರಿ ಶಾಲೆಗಳಲ್ಲಿ ಅಜ್ಜಿ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಅಕ್ಷರ ತಿದ್ದಿದರು. 1870ರಲ್ಲಿ ಕರಿಯರಲ್ಲಿ ನೂರಕ್ಕೆ 80 ಮಂದಿಗೆ ಓದು ಬರಹ ಬಾರದು, 1900ರ ಹೊತ್ತಿಗೆ ಅದು 45ಕ್ಕೆ ಇಳಿದಿತ್ತು.

ಇಷ್ಟೆಲ್ಲ ಆಗಿಯೂ ಗೈಡಿನಲ್ಲಿ ಒಂದೇ ಸಾಲು ಯಾಕೆ?

ಇದಕ್ಕೊಂದು ಹಳೆಯ ಉತ್ತರವಿದೆ. ಆ ಸರಕಾರಗಳು ಬರೀ ಭ್ರಷ್ಟ, ಅಕ್ಷರವಿಲ್ಲದ ಜನರ ಕೈಗೆ ಅಧಿಕಾರ ಸಿಕ್ಕಿ ಎಲ್ಲ ಕೆಟ್ಟುಹೋಯಿತು, ಉತ್ತರದಿಂದ ಬಂದ ಪುಂಡರು ಲೂಟಿ ಹೊಡೆದರು, ಆದ್ದರಿಂದ 1877ರಲ್ಲಿ ಅದು ಕೊನೆಗೊಂಡದ್ದೇ ಒಳ್ಳೆಯದಾಯಿತು ಎಂಬ ಉತ್ತರ. ಇದು ಬೀದಿಯ ಹರಟೆಯಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವನ ಶಿಷ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಟಿಪ್ಪಣಿ ಸಮೇತ ಬರೆದದ್ದು. 1915ರಲ್ಲಿ ಅದೇ ಕತೆ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಸಿನಿಮಾ ಆಯಿತು. ಅಧ್ಯಕ್ಷರ ಶ್ವೇತಭವನದಲ್ಲೇ ಅದರ ಪ್ರದರ್ಶನ ನಡೆಯಿತು. ಸತ್ತುಹೋಗಿದ್ದ ಕು ಕ್ಲಕ್ಸ್ ಕ್ಲಾನ್ ಅದೇ ವರ್ಷ ಮತ್ತೆ ಎದ್ದಿತು. ಡಬ್ಲ್ಯು. ಇ. ಬಿ. ಡುಬಾಯ್ಸ್ 1935ರಲ್ಲಿ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಎಂಬ ದೊಡ್ಡ ಗ್ರಂಥ ಬರೆದು ಈ ಕತೆಯನ್ನು ಒಂದೊಂದಾಗಿ ಬಿಚ್ಚಿಟ್ಟರು. ಪಂಡಿತರ ಲೋಕ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಲಂಚ ಇರಲೇ ಇಲ್ಲವೆ? ಇತ್ತು. ಸ್ಮಾಲ್ಸನ ಮೇಲೂ 1877ರಲ್ಲಿ ಲಂಚದ ಮೊಕದ್ದಮೆ ಹೂಡಿದರು. ಶಿಕ್ಷೆಯೂ ಆಯಿತು, ಆಮೇಲೆ ಗವರ್ನರನೇ ಕ್ಷಮಾದಾನ ಕೊಟ್ಟ. ಆದರೆ ಅದೇ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಟ್ವೀಡ್ ಎಂಬ ಬಿಳಿಯ ಪುಢಾರಿ ನಗರದ ಬೊಕ್ಕಸವನ್ನೇ ಬಾಚಿದ. ರೈಲ್ವೆ ಕಂಪನಿಯ ಷೇರು ತಿಂದ ಕಾಂಗ್ರೆಸ್ ಸದಸ್ಯರ ಹಗರಣ 1872ರಲ್ಲಿ ವಾಷಿಂಗ್ಟನ್ನಿನಲ್ಲೇ ಬಯಲಾಯಿತು. ಆದ್ದರಿಂದ ಬಿಳಿಯರ ಮತದ ಹಕ್ಕನ್ನು ಕಿತ್ತುಕೊಳ್ಳಬೇಕು ಎಂದು ಯಾರೂ ಬರೆಯಲಿಲ್ಲ. ಒಬ್ಬರ ತಪ್ಪು ಒಬ್ಬನ ತಪ್ಪಾಗಿಯೇ ಉಳಿಯುತ್ತದೆ, ಇನ್ನೊಬ್ಬರ ತಪ್ಪು ಇಡೀ ಜಾತಿಯ ತಪ್ಪಾಗುತ್ತದೆ. ಈ ತರ್ಕ ನಮಗೇನೂ ಹೊಸದಲ್ಲ, ಅಲ್ಲವೆ?

ನನ್ನ ಪ್ರಕಾರ ಪುನರ್ರಚನೆ ಸೋತದ್ದಕ್ಕೆ ಕಾರಣ ಬೇರೆ ಕಡೆ ಇದೆ. ಒಂದನೆಯದು ಭೂಮಿ.

1865ರ ಜನವರಿಯಲ್ಲಿ ಜನರಲ್ ಶರ್ಮನ್ ಒಂದು ಆಜ್ಞೆ ಹೊರಡಿಸಿದ. ಕರಾವಳಿಯ ಪಟ್ಟಿಯಲ್ಲಿ ಯಜಮಾನರು ಬಿಟ್ಟು ಓಡಿದ್ದ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆಯ ಮಿತಿಯಲ್ಲಿ ಹಂಚಬೇಕು ಎಂದು. ಸುಮಾರು ನಲವತ್ತು ಸಾವಿರ ಜನ ಅಲ್ಲಿ ನೆಲೆನಿಂತು ಉತ್ತು ಬಿತ್ತಿದರು. ಉಳುವವನೇ ಹೊಲದೊಡೆಯ ಎಂಬುದು ನಮ್ಮಲ್ಲಿ ಘೋಷಣೆಯಾಗುವುದಕ್ಕೆ ನೂರು ವರ್ಷ ಮೊದಲಿನ ಮಾತು ಇದು. ಆದರೆ ಒಂದು ವರ್ಷವೂ ಆಗಲಿಲ್ಲ. ಲಿಂಕನ್ನನ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್, ಹಳೆಯ ಯಜಮಾನರಿಗೆ ಕ್ಷಮೆ ಕೊಟ್ಟು ಜಮೀನನ್ನೂ ವಾಪಸು ಕೊಡಿಸಿದ. ಬೆಳೆ ನಿಂತ ಗದ್ದೆಯಿಂದ ಜನರನ್ನು ಎಬ್ಬಿಸಿದರು. ಬೇರೆ ದಾರಿಯಿಲ್ಲದೆ ಅವರು ಅದೇ ನೆಲದಲ್ಲಿ ಪಾಲಿಗೆ ದುಡಿಯತೊಡಗಿದರು. ಬೀಜ ಸಾಲ, ನೇಗಿಲು ಸಾಲ, ಊಟ ಸಾಲ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ಸುಗ್ಗಿ ಮುಗಿದ ಮೇಲೆ ನೋಡಿದರೆ ಬಾಕಿ ಹೋದ ವರ್ಷಕ್ಕಿಂತ ಜಾಸ್ತಿ. ಮತ ಇವನದು, ಅನ್ನ ಅವನದು ಎಂದಾದಾಗ ಮತ ಎಷ್ಟು ದಿನ ಇವನದಾಗಿ ಉಳಿದೀತು?

ಎರಡನೆಯದು ರಕ್ಷಣೆ. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರು. ಚುನಾವಣೆಯಲ್ಲಿ ಗೆದ್ದವರು ಯಾರು ಎಂಬ ತಕರಾರಿನಲ್ಲಿ ಕರಿಯರು ಅಲ್ಲಿನ ಕೋರ್ಟು ಕಟ್ಟಡವನ್ನು ಕಾಯುತ್ತ ಕೂತಿದ್ದರು. ಬಿಳಿಯರ ಸಶಸ್ತ್ರ ಗುಂಪು ತೋಪು ತಂದು ಕಟ್ಟಡಕ್ಕೆ ಬೆಂಕಿ ಹಚ್ಚಿತು. ಶರಣಾದವರನ್ನೂ ರಾತ್ರಿ ಸಾಲಾಗಿ ಕೊಂದರು. ಸತ್ತವರ ಲೆಕ್ಕ ಅರವತ್ತರಿಂದ ನೂರೈವತ್ತರ ತನಕ ಹೋಗುತ್ತದೆ. ಸರಿಯಾಗಿ ಎಣಿಸಲೂ ಯಾರಿಗೂ ಪುರುಸೊತ್ತಿರಲಿಲ್ಲ. ಕಡೆಗೆ ಶಿಕ್ಷೆಯಾದದ್ದು ಮೂವರಿಗೆ. ಅದನ್ನೂ ಸುಪ್ರೀಂ ಕೋರ್ಟು 1876ರಲ್ಲಿ ಕ್ರೂಯಿಕ್‌ಶ್ಯಾಂಕ್ ಮೊಕದ್ದಮೆಯಲ್ಲಿ ತಳ್ಳಿಹಾಕಿತು. 14ನೆಯ ತಿದ್ದುಪಡಿ ಕಟ್ಟಿಹಾಕುವುದು ಸರಕಾರಗಳನ್ನು ಮಾತ್ರ, ಖಾಸಗಿ ಜನ ಖಾಸಗಿಯಾಗಿ ಕೊಂದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ತರ್ಕ. ಆ ಊರಿನಲ್ಲಿ 1950ರ ಸುಮಾರಿಗೆ ರಾಜ್ಯ ಸರಕಾರ ನಿಲ್ಲಿಸಿದ ಫಲಕದಲ್ಲಿ ಇದನ್ನು ಗಲಭೆ ಎಂದು ಕರೆದು, ಇದರಿಂದ ಹೊರಗಿನವರ ದುರಾಡಳಿತ ಕೊನೆಗೊಂಡಿತು ಎಂದು ಬರೆದಿತ್ತು. ಆ ಫಲಕವನ್ನು ತೆಗೆದದ್ದು 2021ರಲ್ಲಿ. ಗೈಡಿನಲ್ಲಿ ಒಂದೇ ಸಾಲು ಯಾಕೆ ಎಂಬ ಪ್ರಶ್ನೆಗೆ ಆ ಫಲಕವೂ ಒಂದು ಉತ್ತರ.

ಮೂರನೆಯದು, ದೂರದ ಸ್ನೇಹಿತರ ಆಯಾಸ. ಗುಲಾಮಗಿರಿಯ ವಿರುದ್ಧ ಹೋರಾಡಿದ ಉತ್ತರದ ಜನಕ್ಕೆ 1873ರ ಆರ್ಥಿಕ ಕುಸಿತದ ನಂತರ ತಮ್ಮದೇ ತಾಪತ್ರಯ. ಇನ್ನೆಷ್ಟು ದಿನ ಈ ಕರಿಯರ ಗೋಳು, ಸಾಕು ಎನಿಸತೊಡಗಿತು. 1876ರ ಅಧ್ಯಕ್ಷ ಚುನಾವಣೆ ತಕರಾರಿಗೆ ಬಿತ್ತು. ಕಡೆಗೆ 185 ಮತಕ್ಕೆ 184 ಎಂದು ಲೆಕ್ಕ ಮಾಡಿ ರಿಪಬ್ಲಿಕನ್ ಪಕ್ಷದ ಹೇಯ್ಸ್ ಗೆದ್ದನೆಂದು ಸಾರಿದರು. ಅದರ ಹಿಂದೆ ಒಂದು ಒಪ್ಪಂದದ ಮಾತು ನಡೆದಿತ್ತು. 1877ರ ಏಪ್ರಿಲಿನಲ್ಲಿ ದಕ್ಷಿಣ ಕೆರೊಲಿನಾ, ಲೂಯಿಸಿಯಾನಾಗಳ ರಾಜಧಾನಿಗಳಿಂದ ಕೇಂದ್ರದ ಸೈನಿಕರು ತಮ್ಮ ಬ್ಯಾರಕ್ಕುಗಳಿಗೆ ಮರಳಿದರು. ಗೈಡಿನ ಸಾಲು ಅಲ್ಲಿಗೆ ಮುಗಿಯುತ್ತದೆ.

ಇನ್ನು ಮುಂದಿನದನ್ನು ಗಮನವಿಟ್ಟು ನೋಡಬೇಕು. ಆ ಮೂರು ತಿದ್ದುಪಡಿಗಳಲ್ಲಿ ಒಂದಕ್ಷರವನ್ನೂ ಯಾರೂ ಅಳಿಸಲಿಲ್ಲ. ಅಳಿಸುವ ಅಗತ್ಯವೇ ಬೀಳಲಿಲ್ಲ. 1883ರಲ್ಲಿ ಸುಪ್ರೀಂ ಕೋರ್ಟು 1875ರ ನಾಗರಿಕ ಹಕ್ಕು ಕಾಯಿದೆಯನ್ನು ಬಿದ್ದುಹಾಕಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದುಕೊಂಡಿತು. ಮತ ಹಾಕಬೇಕಾದರೆ ಎರಡು ಡಾಲರು ತೆರಿಗೆ, ಸಂವಿಧಾನದ ಯಾವುದಾದರೂ ಭಾಗವನ್ನು ಓದಿ ಅಥವಾ ಕೇಳಿ ಅರ್ಥ ಹೇಳುವ ಪರೀಕ್ಷೆ. ಪರೀಕ್ಷಕ ಯಾರು, ಯಾರಿಗೆ ಯಾವ ಭಾಗ ಕೇಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಎಂಬ ಶಬ್ದವೇ ಇಲ್ಲದ ಕಾನೂನು ಬಣ್ಣ ನೋಡಿಯೇ ಕೆಲಸ ಮಾಡಿತು. 1896ರಲ್ಲಿ ಪ್ಲೆಸ್ಸಿ ಮೊಕದ್ದಮೆಯಲ್ಲಿ, ರೈಲು ಡಬ್ಬಿ ಬೇರೆ ಬೇರೆ ಇದ್ದರೂ ಸಮಾನವಾಗಿದ್ದರೆ ಸಾಕು ಎಂದು ತೀರ್ಪು ಬಂತು. ಲೂಯಿಸಿಯಾನಾ 1898ರಲ್ಲಿ ‘ಅಜ್ಜನ ಕಲಮು’ ಎಂಬುದೊಂದನ್ನು ತಂದಿತು. 1867ರ ಜನವರಿ 1ಕ್ಕೆ ಯಾರ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕಿತ್ತೋ ಅವರಿಗೆ ಈ ಪರೀಕ್ಷೆಗಳಿಂದ ವಿನಾಯತಿ. ಆ ದಿನ ಆ ರಾಜ್ಯದಲ್ಲಿ ಯಾವ ಕರಿಯನ ಅಜ್ಜನಿಗೆ ಮತವಿತ್ತು? ಲೂಯಿಸಿಯಾನಾದಲ್ಲಿ 1896ರಲ್ಲಿ 1,30,334 ಕರಿಯ ಮತದಾರರ ಹೆಸರು ಪಟ್ಟಿಯಲ್ಲಿತ್ತು. 1900ರಲ್ಲಿ ಉಳಿದದ್ದು 5,320. ನಾಲ್ಕೇ ವರ್ಷ!

ನಮ್ಮ ಸ್ಮಾಲ್ಸ್ ಎಲ್ಲಿದ್ದ ಎಂದಿರಾ? 1895ರಲ್ಲಿ ದಕ್ಷಿಣ ಕೆರೊಲಿನಾ ತನ್ನ ಸಂವಿಧಾನವನ್ನು ಮತ್ತೆ ಬರೆಯಲು ಸಭೆ ಕರೆಯಿತು. ಕರಿಯರ ಮತ ಕಿತ್ತುಕೊಳ್ಳುವುದೇ ಅದರ ಉದ್ದೇಶವೆಂದು ಕರೆದವರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಸಭೆಯಲ್ಲಿ ಕರಿಯ ಪ್ರತಿನಿಧಿಗಳು ಆರೇ ಜನ. ಅವರಲ್ಲಿ ಸ್ಮಾಲ್ಸ್ ಒಬ್ಬ. 1868ರಲ್ಲಿ ಶಾಲೆ ಕೇಳಿ ಗೆದ್ದ ಮನುಷ್ಯ, ಇಪ್ಪತ್ತೇಳು ವರ್ಷದ ನಂತರ ಅದೇ ರಾಜ್ಯದ ಅಂಥದೇ ಸಭೆಯಲ್ಲಿ ನಿಂತು, ತಾನು ಬರೆದದ್ದನ್ನು ಅಳಿಸಬೇಡಿ ಎಂದು ವಾದಿಸಿದ, ಸೋತ. 1915ರಲ್ಲಿ ಬೋಫರ್ಟಿನಲ್ಲಿ ತೀರಿಕೊಂಡ. ಮೇಲೆ ಹೇಳಿದ ಸಿನಿಮಾ ತೆರೆಗೆ ಬಂದದ್ದೂ ಅದೇ ವರ್ಷ. ಮೆಟ್ಟಿಲು ಹತ್ತಿದ್ದನ್ನೂ ಕೆಳಕ್ಕೆ ನೂಕಿಸಿಕೊಂಡದ್ದನ್ನೂ ಒಂದೇ ಜನ್ಮದಲ್ಲಿ ಕಂಡ ಮನುಷ್ಯನಿಗೆ ನಮ್ಮ ಗೈಡಿನ ಪಟ್ಟಿಯನ್ನು ತೋರಿಸಿದ್ದರೆ ಏನೆನ್ನುತ್ತಿದ್ದನೋ.

ಉತ್ತರ ಕೆರೊಲಿನಾದ ಜಾರ್ಜ್ ವೈಟ್ 1901ರಲ್ಲಿ ಕಾಂಗ್ರೆಸ್ ಬಿಟ್ಟ. ದಕ್ಷಿಣದ ರಾಜ್ಯಗಳಿಂದ ಇನ್ನೊಬ್ಬ ಕರಿಯ ವ್ಯಕ್ತಿ ಅಲ್ಲಿಗೆ ಹೋಗಿ ಕೂತದ್ದು 1973ರಲ್ಲಿ, ಟೆಕ್ಸಸಿನಿಂದ ಬಾರ್ಬರಾ ಜೋರ್ಡಾನ್, ಜಾರ್ಜಿಯಾದಿಂದ ಆಂಡ್ರ್ಯೂ ಯಂಗ್. ನಡುವಿನ ಎಪ್ಪತ್ತೆರಡು ವರ್ಷ ನಮ್ಮ ಪಟ್ಟಿಯಲ್ಲಿ ಕೈಗಾರಿಕಾ ಯುಗ, ಮಹಾಕುಸಿತ, ಮಹಾಯುದ್ಧ ಎಂಬ ಹೆಸರಿನಲ್ಲಿ ಬರುತ್ತವೆ. ಆ ಹೆಸರುಗಳು ಸುಳ್ಳಲ್ಲ. ಆದರೆ ದಕ್ಷಿಣದ ಹತ್ತಿ ಹೊಲದಲ್ಲಿ ದುಡಿದವನಿಗೆ ಅವು ಬೇರೆ ಯಾರದೋ ಮನೆಯ ಹೆಸರುಗಳು. ಆ ನೆಲವನ್ನೇ ಬಿಟ್ಟು 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯರು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕುಗಳಿಗೆ ಗುಳೆ ಹೋದರು.

ಇಲ್ಲಿಗೆ ಬಂದಾಗ ನನ್ನ ಗೆಳೆಯನೊಬ್ಬ ಕೇಳಿದ: “ಅಲ್ಲ ಮಾರಾಯ, ಹಾಗಾದರೆ ಕಾನೂನು, ಸಂವಿಧಾನ ಎಲ್ಲ ಬರೀ ಬೊಗಳೆ ಅಂತಲೋ?” ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ, ಅಲ್ಲ. 1954ರ ಮೇ 17ರಂದು ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಎಂದು ಸುಪ್ರೀಂ ಕೋರ್ಟು ಹೇಳಿದ್ದು ಯಾವ ಆಧಾರದ ಮೇಲೆ? 1868ರ ಅದೇ 14ನೆಯ ತಿದ್ದುಪಡಿಯ ಮೇಲೆ. 1965ರ ಮತದಾನ ಹಕ್ಕು ಕಾಯಿದೆಗೆ ಬುಡವಾದದ್ದು 1870ರ ಅದೇ 15ನೆಯ ತಿದ್ದುಪಡಿ. ಸತ್ತ ಅಕ್ಷರವೆಂದು ತಿಳಿದದ್ದು ಬೂದಿಯ ಕೆಳಗಿನ ಕೆಂಡವಾಗಿತ್ತು. ಆದರೆ ಕೆಂಡ ತಾನಾಗಿ ಹೊತ್ತಿಕೊಳ್ಳಲಿಲ್ಲ, ಊದುವವರು ಬೇಕಾಯಿತು. ಮಾಂಟ್‌ಗೊಮರಿ ಊರಿನ ಜನ 1955ರ ಡಿಸೆಂಬರಿನಿಂದ 381 ದಿನ ಬಸ್ಸು ಹತ್ತದೆ ನಡೆದರು. ಅವರಲ್ಲಿ ಮನೆಗೆಲಸದ ಹೆಂಗಸರೇ ಬಹಳ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಾಲೇಜು ಹುಡುಗರು, ನಮ್ಮದೇ ವಯಸ್ಸಿನವರು, ಬಿಳಿಯರಿಗೆ ಮಾತ್ರ ಎಂಬ ತಿಂಡಿ ಕೌಂಟರಿನಲ್ಲಿ ಹೋಗಿ ಕೂತರು. ಕಾಫಿ ಕೊಡಲಿಲ್ಲ. ಅಂಗಡಿ ಮುಚ್ಚುವ ತನಕ ಕೂತರು, ಮರುದಿನ ಇನ್ನಷ್ಟು ಜನರೊಡನೆ ಮತ್ತೆ ಬಂದು ಕೂತರು. ಜುಲೈ ತಿಂಗಳಲ್ಲಿ ಅಂಗಡಿ ಸೋತಿತು. 1965ರ ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆಯ ಮೇಲೆ ಮತದ ಹಕ್ಕು ಕೇಳಿ ನಡೆದವರ ತಲೆ ಒಡೆದರು, ಆಗಸ್ಟ್ 6ರಂದು ಕಾಯಿದೆ ಬಂತು. ಮಿಸಿಸಿಪ್ಪಿಯಲ್ಲಿ ಕಾಯಿದೆಗೆ ಮೊದಲು ಅರ್ಹ ಕರಿಯರಲ್ಲಿ ಮತಪಟ್ಟಿಯಲ್ಲಿದ್ದವರು ನೂರಕ್ಕೆ 7ಕ್ಕಿಂತಲೂ ಕಡಿಮೆ. 1967ರ ಹೊತ್ತಿಗೆ 60ರ ಹತ್ತಿರ. ಕೇಂದ್ರದ ಅಧಿಕಾರಿಗಳು ಹಳ್ಳಿಗೆ ಬಂದು ಹೆಸರು ಬರೆದುಕೊಳ್ಳುವ ಏರ್ಪಾಡು ಕಾಯಿದೆಯಲ್ಲೇ ಇತ್ತು. ಮಾತಿನ ಜತೆಗೆ ಕಾವಲನ್ನೂ ಬರೆದಿದ್ದರು. 1870ರಲ್ಲಿ ಬಹಳ ಕಾಲ ನಿಲ್ಲದೆ ಹೋದದ್ದು ಅದೇ ಕಾವಲು.

ಅದೂ ಶಾಶ್ವತವಲ್ಲ ಎಂಬುದಕ್ಕೆ ಬಹಳ ಹಿಂದಕ್ಕೆ ಹೋಗಬೇಕಿಲ್ಲ. ಭೇದದ ಚರಿತ್ರೆಯಿದ್ದ ರಾಜ್ಯಗಳು ಮತದಾನದ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು 1965ರ ಕಾಯಿದೆಯಲ್ಲಿತ್ತು. ಯಾವ ರಾಜ್ಯಗಳು ಎಂದು ನಿರ್ಧರಿಸುವ ಸೂತ್ರ ಹಳತಾಯಿತೆಂದು 2013ರ ಜೂನ್ 25ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅದೇ ದಿನ ಟೆಕ್ಸಸ್, ತಡೆದಿಟ್ಟಿದ್ದ ತನ್ನ ಗುರುತಿನ ಚೀಟಿಯ ಕಾನೂನನ್ನು ಜಾರಿಗೆ ತರುವುದಾಗಿ ಸಾರಿತು. ಅದು ಸರಿಯೋ ತಪ್ಪೋ ಎಂದು ಅಲ್ಲಿಯವರು ವಾದಿಸಲಿ. ಆದರೆ ಪುನರ್ರಚನೆಯ ಪಾಠ ಓದಿದವನಿಗೆ ಆ ಸುದ್ದಿಯಲ್ಲಿ 1883ರ ಹೆಜ್ಜೆ ಸಪ್ಪಳ ಕೇಳದೆ ಇರದು.

ಇದೆಲ್ಲ ಸರಿ, ಇಲ್ಲಿ ಕೂತ ಕನ್ನಡದ ಹುಡುಗರಿಗೆ ಯಾಕೆ ಆ ಅಮೆರಿಕದ ಉಸಾಬರಿ ಎನ್ನುವವರಿಗೆ ಒಂದು ಮಾತು. ಆ ಚರಿತ್ರೆ ನಾವಿರುವ ಈ ಮುಂಬಯಿ-ಪುಣೆಯ ಸೀಮೆಗೆ ಬಂದು ನೂರೈವತ್ತು ವರ್ಷವಾಯಿತು. ಜ್ಯೋತಿಬಾ ಫುಲೆಯವರು ‘ಗುಲಾಮಗಿರಿ’ಯನ್ನು ಪುಣೆಯಲ್ಲಿ ಪ್ರಕಟಿಸಿದ್ದು 1873ರಲ್ಲಿ. ಗುಲಾಮರ ಬಿಡುಗಡೆಗೆ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಅವರಂತೆ ನಮ್ಮ ಜನವೂ ಮಾಡಲಿ ಎಂಬ ಆಸೆಯಿಂದ. ಕೋಲ್‌ಫ್ಯಾಕ್ಸಿನಲ್ಲಿ ಕೋರ್ಟು ಕಟ್ಟಡಕ್ಕೆ ಬೆಂಕಿ ಬಿದ್ದದ್ದೂ ಅದೇ 1873ರಲ್ಲಿ. ಪುಣೆಯಲ್ಲಿ ಒಬ್ಬ ಮಹನೀಯರು ಆ ದೀಪಕ್ಕೆ ಕೈ ಮುಗಿಯುತ್ತಿದ್ದಾಗ ಅಲ್ಲಿ ಅದನ್ನು ನಂದಿಸುತ್ತಿದ್ದರು. ಫುಲೆಯವರ ನಂಬಿಕೆ ತಪ್ಪೆಂದು ನಾನು ಹೇಳಲಾರೆ. ದೀಪ ಇದ್ದದ್ದು ನಿಜ, ನಂದಿಸಿದ್ದೂ ನಿಜ.

1913ರಿಂದ 16ರ ತನಕ ಕೊಲಂಬಿಯಾದಲ್ಲೇ ಓದಿದ ಅಂಬೇಡ್ಕರರು 1946ರಲ್ಲಿ ಡುಬಾಯ್ಸ್‌ಗೆ ಕಾಗದ ಬರೆದರು. ಅಮೆರಿಕದ ಕರಿಯರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿ, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಡುಬಾಯ್ಸ್ ಉತ್ತರವನ್ನೂ ಬರೆದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಕೊಟ್ಟ ಎಚ್ಚರಿಕೆಯನ್ನು, ರಾಜಕೀಯದಲ್ಲಿ ಸಮಾನತೆ ಬಂದು ಸಮಾಜದಲ್ಲೂ ಆಸ್ತಿಯಲ್ಲೂ ಅಸಮಾನತೆ ಉಳಿದರೆ ಆ ಸಮಾನತೆಗೇ ಗಂಡಾಂತರ ಎಂಬ ಮಾತನ್ನು, ಪುನರ್ರಚನೆಯ ಕತೆಯ ಪಕ್ಕದಲ್ಲಿಟ್ಟು ಓದಿ ನೋಡಿ. ಇನ್ನು 1972ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ತಂದದ್ದು ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರರಿಂದ. ಹೀಗಿರುವಾಗ ಅದು ಪರದೇಶದ ಚರಿತ್ರೆ ಎಂದು ಹೇಗೆ ಕೈ ತೊಳೆದುಕೊಳ್ಳೋಣ?

ನಾನು ಹೇಳುವುದು ಇಷ್ಟೇ. ಯುಗಗಳ ಪಟ್ಟಿ ಬೇಡವೆಂದಲ್ಲ. ಪರೀಕ್ಷೆ ಬರೆಯಬೇಕು, ಪಾಸಾಗಬೇಕು, ಅದೆಲ್ಲ ಇದ್ದದ್ದೇ. ಆದರೆ ಪ್ರತಿ ಯುಗದ ಮುಂದೆ ಒಂದು ಪ್ರಶ್ನೆಯನ್ನು ಪೆನ್ಸಿಲಿನಲ್ಲಾದರೂ ಬರೆದಿಟ್ಟುಕೊಳ್ಳೋಣ: ಈ ಕಾಲದಲ್ಲಿ ಯಾರಿಗೆ ಏನು ಸಿಕ್ಕಿತು ಎಂಬುದರ ಜತೆಗೆ, ಸಿಕ್ಕಿದ್ದನ್ನು ಯಾರು ಕಳೆದುಕೊಂಡರು, ಹೇಗೆ ಕಳೆದುಕೊಂಡರು, ಆಗ ಸುತ್ತಲಿದ್ದವರು ಏನು ಮಾಡುತ್ತಿದ್ದರು? ಹಕ್ಕು ಕೊಟ್ಟ ದಿನಾಂಕವನ್ನು ಎಲ್ಲ ಗೈಡುಗಳೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತವೆ. ಕಿತ್ತುಕೊಂಡ ದಿನಾಂಕಗಳನ್ನು ನಾವೇ ಹುಡುಕಿ ಬರೆದುಕೊಳ್ಳಬೇಕು. ಆ ಒಂದು ಸಾಲಿನ ಪಕ್ಕದಲ್ಲಿ ನಾನು ರಾಬರ್ಟ್ ಸ್ಮಾಲ್ಸನ ಹೆಸರು ಬರೆದಿದ್ದೇನೆ, ಅದರ ಮುಂದೆ ಎರಡು ಇಸವಿ: 1868, 1895.